ಹೊಟ್ಟೆಕಿಚ್ಚಿನ ಇಂಟರ್ನ್‌ಶಿಪ್ಪು

ಬೇರೆಯವರಿಗೆ ಒಳ್ಳೆಯದಾಯಿತು ಅಂತ ಕೇಳಿದ ಕೂಡಲೇ ನನ್ನ ಬಾಯಲ್ಲಿ "ಕಂಗ್ರಾಟ್ಸ್" ಬರುತ್ತದೆ, ಅದರ ಹಿಂದೆಯೇ ಹೊಟ್ಟೆಯಲ್ಲಿ ಉರಿ ಬರುತ್ತದೆ. ಎಲ್ಲರಿಗೂ ಹೀಗೇ ಆಗುತ್ತದೋ ಏನೋ, ಯಾರೂ ಹೇಳಿಕೊಳ್ಳುವುದಿಲ್ಲ. ನನಗಂತೂ ಆ ಉರಿ ಹತ್ತಿದ ಗಳಿಗೆಯಲ್ಲೇ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಅಮೆರಿಕಕ್ಕೆ ಓದಲು ಬಂದ ಎರಡು ವರ್ಷದಲ್ಲಿ ಇದು ಎಷ್ಟು ಸಲ ಆಗಿದೆಯೆಂದರೆ, ಈಗ ಯಾರಾದರೂ "ಒಂದು ಗುಡ್ ನ್ಯೂಸು" ಅಂದರೆ ನಾನು ಕೈಯಲ್ಲಿರುವ ಕಾಫಿ ಲೋಟವನ್ನು ಮೊದಲು ಕೆಳಗಿಡುತ್ತೇನೆ.

ನಾನು ಹಾಸನದ ಕಡೆಯವಳು. ಇಲ್ಲಿ ಓದುತ್ತಿದ್ದದ್ದು ನೀರಾವರಿ ಎಂಜಿನಿಯರಿಂಗು. ನನ್ನ ರೂಮ್‌ಮೇಟು ಮಂಗಳೂರಿನವಳು, ಓದುತ್ತಿದ್ದದ್ದು ಅನಿಮೇಶನ್. ಫ್ರೀಮಾಂಟಿನಲ್ಲಿ ಮಂಡ್ಯದ ಆಂಟಿಯೊಬ್ಬರ ಮನೆಯ ಹಿಂದಿನ ರೂಮಿನಲ್ಲಿ ಇಬ್ಬರೂ ಬಾಡಿಗೆಗೆ ಇದ್ದೆವು. ಅವಳು ತುಂಬ ಒಳ್ಳೆಯ ಹುಡುಗಿ. ನನ್ನ ಕಷ್ಟವೇ ಅದು. ಕೆಟ್ಟವಳಾಗಿದ್ದರೆ ನಾನು ಸಂಕೋಚವಿಲ್ಲದೆ ಹೊಟ್ಟೆಕಿಚ್ಚು ಪಡಬಹುದಿತ್ತು.

೧. ಕೂತು ಮಾಡುವ ಕೆಲಸ

ನಮ್ಮಂಥ ವಿದೇಶಿ ವಿದ್ಯಾರ್ಥಿಗಳು ಮೊದಲನೆಯ ವರ್ಷ ಕ್ಯಾಂಪಸ್ಸಿನ ಹೊರಗೆ ಕೆಲಸ ಮಾಡುವಂತಿಲ್ಲ. ಒಳಗೆ ಏನು ಸಿಕ್ಕಿತೋ ಅದು. ನನಗೆ ಕೆಫೆಟೇರಿಯಾದಲ್ಲಿ ಸ್ಯಾಂಡ್‌ವಿಚ್ ಕಟ್ಟುವ ಕೆಲಸ ಸಿಕ್ಕಿತು, ಅವಳಿಗೆ ಲೈಬ್ರರಿಯಲ್ಲಿ. ನಾನು ನಾಲ್ಕು ಗಂಟೆ ನಿಂತು ಈರುಳ್ಳಿ ಹೆಚ್ಚಿದರೆ ಅವಳು ನಾಲ್ಕು ಗಂಟೆ ಎಸಿಯಲ್ಲಿ ಕೂತು, ಬಂದವರ ಕಾರ್ಡಿಗೆ "ಬೀಪ್" ಅನ್ನಿಸುತ್ತಿದ್ದಳು. ಸಂಜೆ ಮನೆಗೆ ಬಂದು ಹೇಳುತ್ತಿದ್ದಳು: "ಕೂತು ಕೂತು ಬೆನ್ನು ನೋವು ಮಾರಾಯ್ತಿ. ನಿನ್ನ ಕೆಲಸವೇ ಒಳ್ಳೆಯದು. ಓಡಾಡಲಿಕ್ಕಾದರೂ ಉಂಟು."

ಒಂದು ದಿನ ಬೆಳಗಿನ ಪಾಳಿ ಮುಗಿಸಿ, ಏಪ್ರನ್ ಬಿಚ್ಚಿ, ಓಡಿಕೊಂಡು ಕ್ಲಾಸಿಗೆ ಹೋದೆ. ಹೋಗುವಾಗ ಲೈಬ್ರರಿಯ ಗಾಜಿನೊಳಗೆ ಇವಳು ಕೂತಲ್ಲೇ ತೂಕಡಿಸುತ್ತಿದ್ದದ್ದು ಕಾಣಿಸಿತು. ತೂಕಡಿಸಿದ್ದಕ್ಕೂ ಸಂಬಳ! ಕ್ಲಾಸಿನಲ್ಲಿ ಕೂತರೂ ತಲೆಯಲ್ಲಿ ಅದೇ ಓಡುತ್ತಿತ್ತು. ಪ್ರೊಫೆಸರು ಅಂತರ್ಜಲದ ಬಗ್ಗೆ ಏನೋ ಹೇಳುತ್ತಿದ್ದವರು ತಟ್ಟನೆ ನನ್ನತ್ತ ತಿರುಗಿ, "ನೀವು ಏನಂತೀರಿ?" ಎಂದು ಕೇಳಿದರು.

ನಾನು ನೆಟ್ಟಗೆ ಎದ್ದು ನಿಂತು ಕೇಳಿದೆ: "ಇಲ್ಲೇ ತಿಂತೀರಾ, ಕಟ್ಟಿಕೊಡಲಾ?"

ಪ್ರೊಫೆಸರು ಒಂದು ಗಳಿಗೆ ಯೋಚಿಸಿ ಹೇಳಿದರು: "ಕಟ್ಟಿಕೊಡಿ. ಈರುಳ್ಳಿ ಬೇಡ."

೨. ಪಾಯಸ

ಒಂದು ವರ್ಷ ಕಳೆದ ಮೇಲೆ ಕ್ಯಾಂಪಸ್ಸಿನ ಹೊರಗೆ ಇಂಟರ್ನ್‌ಶಿಪ್ ಮಾಡಬಹುದು. ಆದರೆ ಅದು ಓದುತ್ತಿರುವ ವಿಷಯಕ್ಕೆ ಸಂಬಂಧಪಟ್ಟಿರಬೇಕು. ನಾನು ಕಂಡಕಂಡ ಕಂಪನಿಗೆಲ್ಲ ಅರ್ಜಿ ಹಾಕಿದೆ. "ನಿಮ್ಮ ಆಸಕ್ತಿಗೆ ಧನ್ಯವಾದ" ಎಂಬ ಇಮೇಲು ದಿನಕ್ಕೆರಡು ಬರುತ್ತಿತ್ತು. ಅವಳು ಹಾಕಿದ್ದು ಮೂರೇ ಮೂರು ಅರ್ಜಿ. ಅದರಲ್ಲಿ ಎಮರಿವಿಲ್ಲಿನ ಅನಿಮೇಶನ್ ಸ್ಟುಡಿಯೋ ಒಂದು ಕರೆದೇ ಬಿಟ್ಟಿತು. ಕೆಲಸ ಏನು ಗೊತ್ತೇ? ನೀರಿನ ಚಿತ್ರ ಬಿಡಿಸುವುದು! ಅಲೆ, ಝರಿ, ಮಳೆಹನಿ, ಇಂಥವು. ಆರು ವರ್ಷದಿಂದ ನೀರನ್ನೇ ಓದಿದವಳು ನಾನು. ನೀರಿನ ಕೆಲಸ ಹೋಗಿದ್ದು ಅವಳಿಗೆ.

ನಾನು ಅವಳನ್ನು ತಬ್ಬಿಕೊಂಡು "ಕಂಗ್ರಾಟ್ಸ್ ಕಣೇ" ಅಂತ ಎಷ್ಟು ಜೋರಾಗಿ ಹೇಳಿದೆನೆಂದರೆ ಅವಳು ಕಿವಿ ಮುಚ್ಚಿಕೊಂಡಳು. ಆಂಟಿಗೆ ವಿಷಯ ಗೊತ್ತಾಗಿ ಶ್ಯಾವಿಗೆ ಪಾಯಸಕ್ಕೆ ಹಾಲಿಟ್ಟೇ ಬಿಟ್ಟರು. ನನ್ನನ್ನು ಒಲೆ ಮುಂದೆ ನಿಲ್ಲಿಸಿ, "ಕೈಯಾಡಿಸ್ತಿರವ್ವ, ತಳ ಹಿಡಿದಾತು. ನಿಂಗೂ ಸಿಕ್ತದೆ ಕಣವ್ವ, ಯೋಚ್ನೆ ಮಾಡ್ಬ್ಯಾಡ" ಅಂದರು. ಯೋಚನೆ ಮಾಡಬೇಡ ಅಂದದ್ದೇ ತಪ್ಪಾಯಿತು. ನನ್ನ ಕಣ್ಣಲ್ಲಿ ನೀರು ತುಂಬಿಕೊಂಡಿತು.

ಆಂಟಿಯ ಎಂಟು ವರ್ಷದ ಮಗಳು ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅಕ್ಕಾ, ಆರ್ ಯೂ ಕ್ರೈಯಿಂಗ್?"

"ಇಲ್ಲ ಪುಟ್ಟಿ, ಒಗ್ಗರಣೆ ಹೊಗೆ ಕಣ್ಣಿಗೆ ಹೋಯ್ತು."

ಅವಳು ಪಾತ್ರೆಯೊಳಗೆ ಬಗ್ಗಿ ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ನಡುಮನೆಯಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಅಂದಳು: "ಬಟ್ ಇಟ್ಸ್ ಪಾಯಸ!"

೩. ಸಂಬಂಧ

ಎರಡು ತಿಂಗಳಾದ ಮೇಲೆ ನನಗೂ ಒಂದು ಕಡೆಯಿಂದ ಕರೆ ಬಂತು. ಲಿವರ್‌ಮೋರಿನಲ್ಲಿ ದ್ರಾಕ್ಷಿ ತೋಟಗಳಿಗೆ ಹನಿ ನೀರಾವರಿ ಮಾಡಿಕೊಡುವ ನಾಲ್ಕೇ ಜನರ ಪುಟ್ಟ ಕಂಪನಿ. ಮಾಲೀಕರು ಎಪ್ಪತ್ತರ ಹತ್ತಿರದ ಅಜ್ಜ, ನನ್ನ ಮುಖ ನೋಡದೆ ಫೋನಿನಲ್ಲೇ ಮಾತಾಡಿ ಒಪ್ಪಿಕೊಂಡವರು. ಕಾಲೇಜಿಗೆ ಒಂದು ಪತ್ರ ಬರೆದುಕೊಡಿ ಅಂದರೆ ಒಂದೇ ಸಾಲು ಬರೆದು ಕಳಿಸಿದರು: "ಈ ಹುಡುಗಿ ನಮಗೆ ವೈನಿನ ಕೆಲಸದಲ್ಲಿ ಸಹಾಯ ಮಾಡುತ್ತಾಳೆ."

ವಿದೇಶಿ ವಿದ್ಯಾರ್ಥಿಗಳ ಆಫೀಸಿನ ಮೇಡಂ ಒಪ್ಪಿಗೆ ಕೊಡದೆ ನಾನು ಕೆಲಸಕ್ಕೆ ಕಾಲಿಡುವಂತಿಲ್ಲ. ರೂಮ್‌ಮೇಟಿಗೆ ಎರಡೇ ದಿನದಲ್ಲಿ ಒಪ್ಪಿಗೆ ಸಿಕ್ಕಿತ್ತು. ಅನಿಮೇಶನ್ ಓದಿದವಳಿಗೆ ಅನಿಮೇಶನ್ ಕೆಲಸ, ಕೇಳುವುದೇನಿದೆ? ನನ್ನ ಪತ್ರವನ್ನು ಮೇಡಂ ಎರಡು ಸಲ ಓದಿ, ಕನ್ನಡಕ ತೆಗೆದರು.

"ನೀವು ಓದುತ್ತಿರುವುದು ನೀರಾವರಿ. ಇದು ವೈನು. ಇವೆರಡಕ್ಕೂ ಏನು ಸಂಬಂಧ?"

ಹನಿ ನೀರಾವರಿ ಅನ್ನುವ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ "ಎರಡೇ ದಿನದಲ್ಲಿ" ಅನ್ನುವುದು ತಲೆಯಲ್ಲಿ ಗುಂಯ್‌ಗುಡುತ್ತಿದ್ದಾಗ ಯಾವ ಮಾತು ನೆಟ್ಟಗೆ ಹೊರಡುತ್ತದೆ? "ಮೇಡಂ, ವೈನಿನಲ್ಲೂ ಮುಕ್ಕಾಲು ಪಾಲು ನೀರೇ ಅಲ್ವಾ?" ಅಂದುಬಿಟ್ಟೆ.

ಮೇಡಂ ನಗಲಿಲ್ಲ. ಹೊಸ ಪತ್ರ ತರಿಸಿ ಅಂದರು. ಹೊಸ ಪತ್ರ ಬಂದು, ಒಪ್ಪಿಗೆ ಸಿಗುವಷ್ಟರಲ್ಲಿ ಮೂರು ವಾರ ಕಳೆಯಿತು.

ಖುಷಿಯಿಂದ ಊರಿಗೆ ಫೋನು ಮಾಡಿ, "ಅಮ್ಮಾ, ದ್ರಾಕ್ಷಿ ತೋಟದಲ್ಲಿ ಕೆಲಸ ಸಿಕ್ತು" ಅಂದೆ. ಅಮ್ಮ ಕೇಳಿದಳು: "ಇಲ್ಲಿ ಆಲೂಗಡ್ಡೆ ಆರಿಸೋಕೆ ಬಾರೇ ಅಂದ್ರೆ ಸೊಂಟ ನೋವು ಅಂತಿದ್ದೆ. ಅಲ್ಲಿಗೆ ಹೋಗಿ ದ್ರಾಕ್ಷಿ ಕೀಳ್ತೀಯಾ?"

೪. ಸೋರುವ ಜಾಗ

ಮೊದಲ ದಿನ ಏನು ಹಾಕಿಕೊಂಡು ಹೋಗಬೇಕು ಅಂತ ರೂಮ್‌ಮೇಟನ್ನು ಕೇಳಿದೆ. ಅವಳು ಹರಿದ ಜೀನ್ಸ್ ಹಾಕಿಕೊಂಡು, ಚಪ್ಪಲಿಯಲ್ಲೇ ಸ್ಟುಡಿಯೋಗೆ ಹೋಗುತ್ತಿದ್ದವಳು. "ನನ್ನದು ಬಿಡು, ನಮ್ಮಲ್ಲಿ ಎಲ್ಲ ಹುಚ್ಚರು. ನಿನ್ನದು ಎಂಜಿನಿಯರಿಂಗ್ ಕಂಪನಿ, ಕೋಟು ಹಾಕು" ಅಂದಳು. ಮಾತಿನಲ್ಲಿ ಕಳಕಳಿಯೇ ಇತ್ತು. ಕರಿ ಕೋಟು, ಪಾಲಿಶ್ ಮಾಡಿದ ಶೂ, ಕೈಯಲ್ಲೊಂದು ಫೈಲು ಹಿಡಿದು ಎರಡು ರೈಲು, ಒಂದು ಬಸ್ಸು ಬದಲಾಯಿಸಿ, ಕೊನೆಗೆ ಅರ್ಧ ಮೈಲಿ ಮಣ್ಣಿನ ದಾರಿಯಲ್ಲಿ ನಡೆದು ತೋಟ ಮುಟ್ಟಿದೆ. ಲಿವರ್‌ಮೋರಿನಲ್ಲಿ ಕಾರಿಲ್ಲದೆ ನಡೆದುಬರುವವರನ್ನು ಜನ ತಿರುಗಿ ನೋಡುತ್ತಾರೆ.

ಅಜ್ಜ ದೂರದಿಂದಲೇ ನನ್ನನ್ನು ಕಂಡು, ಟೋಪಿ ತೆಗೆದು ಓಡಿಬಂದರು. ಕೈ ಕುಲುಕಿ, ತಣ್ಣನೆಯ ನೀರು ಕೊಟ್ಟು, "ಬನ್ನಿ, ಎಲ್ಲ ತೋರಿಸ್ತೀನಿ" ಅಂದರು. ಎಷ್ಟು ಮರ್ಯಾದೆ! ಪಂಪು ತೋರಿಸಿದರು, ಮೀಟರು ತೋರಿಸಿದರು, ಪೈಪಿನ ಸಾಲುಗಳನ್ನೆಲ್ಲ ತೋರಿಸಿ, "ನೋಡಿ, ಒಂದು ಹನಿ ಪೋಲಾಗಲ್ಲ. ಎಲ್ಲ ಅಚ್ಚುಕಟ್ಟು" ಎಂದು ಮತ್ತೆ ಮತ್ತೆ ಹೇಳಿದರು. ಸ್ಟುಡಿಯೋದವರು ಅವಳನ್ನು ಮೊದಲ ದಿನ ಹೀಗೆ ನೋಡಿಕೊಂಡಿರಲಿಕ್ಕಿಲ್ಲ ಅಂದುಕೊಂಡು ನಾನು ಒಳಗೊಳಗೇ ಉಬ್ಬಿದೆ.

ಅರ್ಧ ಗಂಟೆ ಕಳೆದ ಮೇಲೆ ಅವರು ಮೆಲ್ಲಗೆ ಕೇಳಿದರು: "ನೀರಿನ ಇಲಾಖೆಯವರು ಈ ಸಲ ಇಷ್ಟು ಬೇಗ ತಪಾಸಣೆಗೆ ಬಂದಿರಲ್ಲ, ಯಾಕೆ?"

"ತಪಾಸಣೆ ಅಲ್ಲ ಸರ್. ನಾನು ಹೊಸ ಇಂಟರ್ನು."

ಅಜ್ಜ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡರು. "ಮೊದಲೇ ಹೇಳಬಾರದಾ? ಬಾ, ಸೋರೋ ಜಾಗ ತೋರಿಸ್ತೀನಿ."

೫. ತಪ್ಪು ನೀರು

ಈಗ ಹೇಳುವುದು ನನ್ನ ಪಾಪದ ಕೆಲಸ.

ಬೆಳಗ್ಗೆ ಇಬ್ಬರೂ ಒಂದೇ ರೈಲು ಹಿಡಿಯುತ್ತಿದ್ದೆವು. ಅರ್ಧ ದಾರಿಯಲ್ಲಿ ನಾನು ಇಳಿದು ಇನ್ನೊಂದು ರೈಲು ಹತ್ತಬೇಕು, ಅವಳು ಕೂತೇ ಇರುತ್ತಾಳೆ. ಅವಳ ಚೊಕ್ಕ ಚಪ್ಪಲಿ ಪಕ್ಕದಲ್ಲಿ ನನ್ನ ಕೆಸರು ಮೆತ್ತಿದ ಬೂಟು. ಒಂದು ದಿನ ಕೇಳಿದಳು: "ಪೈಪು ಒಡೆದರೆ ನೀರು ಹೇಗೆ ಬರುವುದು ಮಾರಾಯ್ತಿ? ನೀನು ದಿನಾ ನೋಡುತ್ತೀಯಲ್ಲ." ನಾನು ಸತ್ಯವನ್ನೇ ಹೇಳಿದೆ, ಕೈಯಲ್ಲಿ ಮಾಡಿಯೂ ತೋರಿಸಿದೆ. ಸಂಜೆ ಕುಣಿಯುತ್ತಾ ಬಂದಳು. ಮೀಟಿಂಗಿನಲ್ಲಿ ಎಲ್ಲರೂ ಹೊಗಳಿದರಂತೆ. ಮಾರನೆಯ ವಾರ ಝರಿ ಕೇಳಿದಳು, ಹೇಳಿದೆ, ಮತ್ತೆ ಹೊಗಳಿಕೆ. ನಾನು ಕೆಸರಿನಲ್ಲಿ ಬಿದ್ದು ಕಲಿತದ್ದಕ್ಕೆ ಅವಳಿಗೆ ಚಪ್ಪಾಳೆ.

ಮೂರನೆಯ ಸಲ ಕೇಳಿದಾಗ ನನ್ನ ಬಾಯಿಗೆ ಏನು ಬಂತೋ ಅದನ್ನು ಹೇಳಿದೆ. "ಹನಿ ಕೆಳಗೆ ಬೀಳೋ ಮುಂಚೆ ಒಂದು ಗಳಿಗೆ ಹಿಂದಕ್ಕೆ ಹೋಗುತ್ತೆ, ಜಡೆ ಥರ ಹೆಣೆದುಕೊಂಡು, ಆಮೇಲೆ ಬೀಳುತ್ತೆ." ಈ ಭೂಮಿಯ ಮೇಲೆ ಯಾವ ನೀರೂ ಹಾಗೆ ಬೀಳುವುದಿಲ್ಲ.

ಆ ಇಡೀ ದಿನ ನನಗೆ ಊಟ ಸೇರಲಿಲ್ಲ. ಅವಳನ್ನು ಎಲ್ಲರೂ ನಗೆಪಾಟಲು ಮಾಡಿದರೆ? ಕೆಲಸದಿಂದ ತೆಗೆದರೆ? ಅಳುತ್ತಾ ಬಂದರೆ ನಿಜ ಹೇಳಿ ಕಾಲು ಹಿಡಿಯುವುದು ಅಂತ ತೀರ್ಮಾನ ಮಾಡಿಕೊಂಡು, ಅವಳಿಗಿಷ್ಟದ ನೀರುದೋಸೆಗೆ ಅಕ್ಕಿ ರುಬ್ಬಿ ಇಟ್ಟು ಬಾಗಿಲು ಕಾಯುತ್ತಾ ಕೂತೆ.

ಬಾಗಿಲು ತೆರೆಯಿತು. ಅವಳ ಮುಖ ಕೆಂಪಾಗಿತ್ತು.

"ಎಂತ ಗೊತ್ತುಂಟಾ? ನಮ್ಮ ಬಾಸ್ ಎದ್ದು ನಿಂತರು! ನೀರನ್ನು ಹೀಗೆ ಯಾರೂ ನೋಡಿಯೇ ಇಲ್ಲವಂತೆ! ಇಡೀ ಸೀನು ನನಗೇ ಕೊಟ್ಟರು!"

ನಾನು ಎದ್ದು ಹೋಗಿ, ರುಬ್ಬಿದ ಹಿಟ್ಟನ್ನು ಫ್ರಿಜ್ಜಿನೊಳಗೆ ಇಟ್ಟು ಬಾಗಿಲು ಹಾಕಿದೆ.

೬. ಮುಖ

ಓದು ಮುಗಿಯುವ ಹೊತ್ತಿಗೆ ಅಜ್ಜ ನನಗೆ, "ಡಿಗ್ರಿ ತಗೊಂಡು ಇಲ್ಲಿಗೇ ಬಾ, ನಿನ್ನ ಬಿಟ್ಟರೆ ಸೋರೋ ಪೈಪು ಯಾರಿಗೂ ಕಾಣಿಸಲ್ಲ" ಅಂದುಬಿಟ್ಟರು. ಓದು ಮುಗಿದ ಮೇಲೆ ಕೆಲಸವಿಲ್ಲದೆ ಇಲ್ಲಿ ಬಹಳ ದಿನ ಉಳಿಯುವಂತಿಲ್ಲ. ಅದರ ಭಯದಲ್ಲಿ ತಿಂಗಳುಗಟ್ಟಲೆ ಸರಿಯಾಗಿ ನಿದ್ದೆಯಿರದ ನನಗೆ ಆ ರಾತ್ರಿ ಗಡದ್ದಾಗಿ ನಿದ್ದೆ ಬಂತು. ಅದೇ ವಾರ ಅವಳ ಸ್ಟುಡಿಯೋದಲ್ಲಿ ಮನೆಯವರನ್ನು ಕರೆತರುವ ದಿನ. "ಇಲ್ಲಿ ನನ್ನ ಮನೆಯವಳು ನೀನೇ ಅಲ್ಲವಾ?" ಅಂತ ನನ್ನನ್ನು ಕರೆದಳು. ಸಂತೋಷದಿಂದ ಹೋದೆ. ದೇವರಾಣೆ, ಆ ದಿನ ನನ್ನ ಹೊಟ್ಟೆಯಲ್ಲಿ ಒಂದು ಕಿಡಿಯೂ ಇರಲಿಲ್ಲ.

ಒಳಗೆ ಹೋಗುತ್ತಿದ್ದಂತೆ ಕಾಫಿ ಹಿಡಿದು ಬರುತ್ತಿದ್ದವನೊಬ್ಬ ನನ್ನನ್ನು ನೋಡಿ ನಿಂತುಬಿಟ್ಟ. "ಓ! ನೀವೇ ಅಲ್ವಾ?" ಅಂದ. ಇನ್ನೊಬ್ಬಳು ಕಂಪ್ಯೂಟರು ಬಿಟ್ಟು ಎದ್ದು ಬಂದಳು. "ಹೌದು, ಇವರೇ!" ಎರಡು ನಿಮಿಷದಲ್ಲಿ ಆರು ಜನ ನನ್ನ ಸುತ್ತ ಸೇರಿದರು. ಜಡೆಯಂಥ ಹನಿಯ ವಿಷಯ ಹೊರಗೆ ಬಂತೇನೋ ಅಂದುಕೊಂಡು ಬಾಗಿಲು ಎಷ್ಟು ದೂರವಿದೆ ಅಂತ ನೋಡಿದೆ. ರೂಮ್‌ಮೇಟು ಮಾತ್ರ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

ಆ ಗೋಡೆಯ ತುಂಬ ಅವರ ಹೊಸ ಸಿನಿಮಾದ ಒಂದು ಕಪ್ಪೆಯ ಚಿತ್ರಗಳು. ಕೆಸರಿನ ಬೂಟು ಹಾಕಿಕೊಂಡ ಕಪ್ಪೆ. ಪಕ್ಕದ ಕಪ್ಪೆಗೆ ಬಹುಮಾನ ಬಂದಾಗ ಹಲ್ಲು ಕಿರಿದು ಚಪ್ಪಾಳೆ ತಟ್ಟುವ ಕಪ್ಪೆ. ಕೆನ್ನೆ ಉಬ್ಬಿ, ತುಟಿ ನಗುತ್ತಾ, ಕಣ್ಣು ಮಾತ್ರ ಉರಿಯುತ್ತಿರುವ ಕಪ್ಪೆ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಹೊಟ್ಟೆಕಿಚ್ಚಿನ ಕಪ್ಪೆ, ಇಪ್ಪತ್ತೇಳು ಭಾವಗಳು.

"ಬೇಜಾರು ಮಾಡ್ಬೇಡ ಮಾರಾಯ್ತಿ," ರೂಮ್‌ಮೇಟು ಗೋಡೆಗೇ ಹೇಳಿದಳು. "ನೀರಿನ ಜೊತೆ ಒಂದು ಕಪ್ಪೆಯನ್ನೂ ಬಿಡಿಸು ಅಂದರು. ಅಷ್ಟು ಚಂದದ ಮುಖ ನನಗೆ ಬೇರೆಲ್ಲೂ ಸಿಗಲಿಲ್ಲ."

ಅಂದರೆ ಎರಡು ವರ್ಷವೂ ಅವಳಿಗೆ ಎಲ್ಲ ಗೊತ್ತಿತ್ತು! ನಾನು "ಕಂಗ್ರಾಟ್ಸ್" ಅಂದಾಗಲೆಲ್ಲ ಅವಳು ನನ್ನ ಕೆನ್ನೆಯ ಅಳತೆ ತೆಗೆದುಕೊಳ್ಳುತ್ತಿದ್ದಳು. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಎಲ್ಲರೂ ನಕ್ಕರು. ಅವಳ ಬಾಸ್ ಫೋನು ತೆಗೆದು, "ದಯವಿಟ್ಟು ಒಂದೇ ಸಲ ಆ ಮುಖ ಮಾಡ್ತೀರಾ? ಚಿತ್ರದ ಪಕ್ಕದಲ್ಲಿ ನಿಂತು?" ಅಂತ ಕೇಳಿದರು.

ಪ್ರಯತ್ನಪಟ್ಟೆ. ಕೆನ್ನೆ ಉಬ್ಬಿಸಿದೆ, ಕಣ್ಣು ಕಿರಿದು ಮಾಡಿದೆ. ಬರಲೇ ಇಲ್ಲ. ಕೆಲಸ ಸಿಕ್ಕಿದ ಮುಖದಲ್ಲಿ ಅದು ಎಲ್ಲಿಂದ ಬರಬೇಕು? "ಹಲ್ಲುನೋವಿನ ಥರ ಕಾಣಿಸ್ತಿದೆ" ಅಂದ ಕಾಫಿಯವನು.

ಆಗ ರೂಮ್‌ಮೇಟು ನನ್ನ ಹತ್ತಿರ ಬಂದು, ಉಳಿದವರಿಗೆ ತಿಳಿಯದಂತೆ ಕನ್ನಡದಲ್ಲಿ ಹೇಳಿದಳು: "ಮನೆಗೆ ಹೋಗಿ ಹೇಳುವ ಅಂತ ಇದ್ದೆ. ನನ್ನನ್ನು ಇಲ್ಲಿ ಪರ್ಮನೆಂಟ್ ಮಾಡಿದರು."

ನಾನು ತಡೆದುಕೊಂಡೆ. ನನಗೂ ಕೆಲಸ ಇದೆಯಲ್ಲ.

"ಮೂರು ಹೊತ್ತೂ ಊಟ ಇಲ್ಲಿಯೇ, ಫ್ರೀ."

ಎಡಗೆನ್ನೆ ಸ್ವಲ್ಪ ಅದುರಿತು.

"ವಾರಕ್ಕೆ ಎರಡೇ ದಿನ ಆಫೀಸು. ಉಳಿದದ್ದು ಮನೆಯಿಂದಲೇ. ನೀನು ಬೆಳಿಗ್ಗೆ ಬಸ್ಸಿಗೆ ಓಡುವಾಗ ನಾನು ಮಲಗಿರುತ್ತೇನೆ."

"ಕಂಗ್ರಾಟ್ಸ್," ಅಂದೆ.

"ಬಂತು! ಬಂತು!" ಆರು ಜನವೂ ಒಟ್ಟಿಗೆ ಕೂಗಿ ಚಪ್ಪಾಳೆ ತಟ್ಟಿದರು. ಫೋನುಗಳು ಪಟಪಟ ಅಂದವು. ಬಾಸ್ ಮಂಡಿಯೂರಿ ಕೂತು, "ಅದ್ಭುತ! ಅಲುಗಬೇಡಿ, ಹಾಗೇ ಇರಿ, ಇನ್ನೊಂದು ತೆಗೀತೀನಿ" ಅಂದರು.

ಹಾಗೇ ಇರುವುದಕ್ಕೆ ನನಗೆ ಯಾವ ಕಷ್ಟವೂ ಆಗಲಿಲ್ಲ.