ಪಾದದಿಂದ ಬಂದ ಶಿವ

ಕಂಪ್ಯೂಟರಿನಲ್ಲಿ ಚಿತ್ರ ಮಾಡುವುದು ಕಷ್ಟವಲ್ಲ. ಮಾಡಿದ್ದನ್ನು ಗಿರಾಕಿಯ ಕಣ್ಣಿಗೆ ಮುಟ್ಟಿಸುವಷ್ಟರಲ್ಲಿ ಏನಾದರೊಂದು ಆಗಿಯೇ ತೀರುತ್ತದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಇಂಗ್ಲಿಷ್ ಪುಸ್ತಕ ಓದಿ ಡಿಸೈನ್ ಕಲಿತು, ಶಿವಮೊಗ್ಗದ ಹೊಸಮನೆಯಲ್ಲಿ ಡಿ.ಟಿ.ಪಿ. ಅಂಗಡಿ ಹಾಕಿದ್ದೆ. ಲಗ್ನಪತ್ರಿಕೆ ಬಿಟ್ಟು ಬೇರೆ ಕೆಲಸವನ್ನು ಯಾರೂ ನಂಬಿ ಕೊಡುತ್ತಿರಲಿಲ್ಲ. ಆಗ ಭದ್ರಾವತಿಯ ಜನ್ನಾಪುರದ ಬಟ್ಟೆ ಅಂಗಡಿ ಯಜಮಾನರು ಕ್ಯಾಲೆಂಡರಿಗೆ ಶಿವನ ಚಿತ್ರ ಕೇಳಿದರು. ಬೆಂಗಳೂರಿನ ಡಿಸೈನರ್ ಒಬ್ಬರಿಗೂ ಹೇಳಿದ್ದರು. ಯಾವುದು ಬೇಕೆಂದು ಆರಿಸುವವರು ಅವರ ತಾಯಿ. ಅದು ನನ್ನದೇ ಆಗಬೇಕೆಂದು ಹಟ ಹಿಡಿದೆ.

ಫ್ಲಾಪಿಗೆ ವಿಭೂತಿ

ಗಂಗೆಯ ನೀರಿನ ಒಂದೊಂದು ಎಳೆಯನ್ನೂ ಬಿಡಿಸಿದ್ದೆ. ಅಂಥ ಚಿತ್ರವನ್ನು ಹಿಂಡಿ ಹಿಂಡಿ ಒಂದು ಫ್ಲಾಪಿಗೆ ತುರುಕಿ ಬಸ್ಸಿನಲ್ಲಿ ಕಳಿಸಿದೆ. ಸುದ್ದಿಯೇ ಇಲ್ಲ. ಯಜಮಾನರಿಗೆ ಫೋನ್ ಮಾಡಿದೆ.

"ಕಂಪ್ಯೂಟರ್ ಒಳಗೇ ಹೋಗ್ತಿಲ್ಲ ಮೇಡಂ. ಇದ್ರಲ್ಲಿ ಶಿವ ಇದ್ದಾನೆ ಅಂದೆ ನೋಡಿ, ಅಮ್ಮ ದೇವರ ಮುಂದಿಟ್ಟು ಮೂರು ಪಟ್ಟೆ ವಿಭೂತಿ ಹಚ್ಚಿಬಿಟ್ರು."

"ಒರೆಸಿ ಹಾಕಿ."

"ಒರೆಸಿದೆ. ತಗಡು ಸರಿಸಿ ಒಳಗೂ ಹಚ್ಚಿದಾರೆ. ಪುಣ್ಯಕ್ಕೆ ಅಭಿಷೇಕ ಸೋಮವಾರಕ್ಕೆ ಇಟ್ಕೊಂಡಿದ್ರು."

ಮುಖದ ತುಂಬ ಟೈಲ್ಸ್

ಇನ್ನು ಇ-ಮೇಲೇ ಗತಿ. ನಮ್ಮ ಟೆಲಿಫೋನ್ ತಂತಿಯಲ್ಲಿ ದೊಡ್ಡ ಫೈಲು ಅರ್ಧಕ್ಕೇ ಕಡಿಯುತ್ತಿತ್ತು. ಚಿತ್ರವನ್ನು ತೀರ ಚಿಕ್ಕದು ಮಾಡಿ ಕಳಿಸಿದೆ. ಯಜಮಾನರು ಜನ್ನಾಪುರದ ಸೈಬರ್ ಕೆಫೆಯಿಂದಲೇ ಫೋನ್ ಮಾಡಿದರು.

"ತಕ್ಷಣ ಬಂತು ಮೇಡಂ. ಆದ್ರೆ ದೊಡ್ಡದು ಮಾಡಿ ನೋಡಿದ್ರೆ ಬರೀ ಚೌಕ ಚೌಕ. ದೇವರ ಮುಖಕ್ಕೆ ಬಚ್ಚಲುಮನೆ ಟೈಲ್ಸ್ ಯಾಕೆ ಹಾಕಿದ್ರಿ?"

ಹಿಂದಿನಿಂದ ತಾಯಿಯ ದನಿ: "ಇದ್ರಲ್ಲಿ ಮೂರನೇ ಕಣ್ಣು ಯಾವುದು ಮಾರಾಯ? ನನಗೆ ಹನ್ನೆರಡು ಕಾಣ್ತಿವೆ!"

"ಬೆಂಗಳೂರಿನವರದ್ದು ಹೇಗಿದೆ?" ಎಂದೆ.

"ಅವರದ್ದೂ ಟೈಲ್ಸೇ. ಸೈಜು ಸ್ವಲ್ಪ ದೊಡ್ಡದು."

ತಲೆ ಕೆಳಗಾದ ಕೈಲಾಸ

ಇನ್ನು ಚಿಕ್ಕದು ಮಾಡುವುದಿಲ್ಲ ಎಂದು ಪೂರ್ತಿ ಚಿತ್ರವನ್ನೇ ಕಳಿಸಿದೆ. ಅದು ಹೋಗುವಷ್ಟರಲ್ಲಿ ನನ್ನ ಅಡುಗೆ, ಊಟ, ಪಾತ್ರೆ ಎಲ್ಲ ಮುಗಿದವು. ಸಂಜೆ ತಾಯಿಯೇ ಫೋನ್ ಮಾಡಿದರು.

"ಚಂದ ಇದೆ ಕಣವ್ವ. ಆದ್ರೆ ಮೇಲಿಂದ ಒಂದೊಂದೇ ಗೆರೆ ಇಳಿಯುತ್ತೆ. ಮೊದ್ಲು ಚಂದ್ರ ಬಂದ, ಆಮೇಲೆ ಜಡೆ. ಹಣೆ ಬರೋ ಹೊತ್ತಿಗೆ ಎದ್ದು ಬಂದೆ. ದರ್ಶನ ಪಾದದಿಂದ ಶುರುವಾಗ್ಬೇಕಲ್ವ?"

"ನಾಳೆ ಪಾದದಿಂದಲೇ ಬರ್ತಾನೆ, ಬನ್ನಿ ಅಮ್ಮ" ಎಂದುಬಿಟ್ಟೆ.

ಚಿತ್ರವನ್ನು ತಲೆಕೆಳಗು ಮಾಡಿ ಮತ್ತೆ ಕಳಿಸಿ, ಮರುದಿನ ಬಸ್ಸು ಹತ್ತಿದೆ. ಕೆಫೆಯವನಿಗೆ, "ಮಾನಿಟರ್ ತಲೆಕೆಳಗು ಇಡಪ್ಪ" ಎಂದೆ.

"ಹುಚ್ಚೇನ್ರೀ ನಿಮಗೆ?"

ತಾಯಿಯನ್ನು ಕರೆತಂದಿದ್ದ ಯಜಮಾನರೂ ಕೈ ಹಾಕಿದರು. ಡಬ್ಬದಂಥ ಮಾನಿಟರನ್ನು ದಿಂಬಿನ ಮೇಲೆ ಶೀರ್ಷಾಸನ ಹಾಕಿಸಿದೆವು. ಚಿತ್ರ ಕೆಳಗಿನಿಂದ ಏಳತೊಡಗಿತು. ಕಾಲ್ಬೆರಳು, ಹುಲಿಚರ್ಮ, ಕೊರಳ ನೀಲಿ. ತಿಂಗಳುಗಟ್ಟಲೆ ನಾನೇ ಬಿಡಿಸಿದ್ದ ಮುಖ ಅದು. ಆದರೂ ಆ ಕಣ್ಣು ತೆರೆದಾಗ ನನ್ನ ಮೈ ಜುಮ್ಮೆಂದಿತು, ಕೈ ತಾನಾಗಿ ಮುಗಿಯಿತು. ಕೊನೆಗೆ ಗಂಗೆ ಬಂದಳು, ಎಳೆ ಎಳೆಯಾಗಿ.

ಅಮ್ಮ ಕಣ್ಣೊರೆಸಿಕೊಂಡು ಮಗನಿಗೆ ಹೇಳಿದರು: "ಕ್ಯಾಲೆಂಡರ್ ಇವಳಿಗೇ ಕೊಡು."

ಕೆಫೆಯವನು ಮಾನಿಟರ್ ನೆಟ್ಟಗೆ ಮಾಡಲು ಹೋದ. ಅಮ್ಮ ಗದರಿದರು: "ಕೂತ ದೇವರನ್ನ ಅಲ್ಲಾಡಿಸ್ಬೇಡ! ಸಂಜೆ ದೀಪ ಹಚ್ಚೋವರೆಗೂ ಇರ್ಲಿ."

ಅಷ್ಟರಲ್ಲಿ ಕಾಗದದ ಫ್ಯಾಕ್ಟರಿಯವರ ಕಾಲೊನಿ ಕಾಗದನಗರದಿಂದ ಒಬ್ಬರು ಮೇಲ್ ನೋಡಲು ಬಂದರು. ಕೆಲಸ ಮಾಡುತ್ತಿದ್ದದ್ದು ಅದೊಂದೇ ಕಂಪ್ಯೂಟರ್. ಕೆಫೆಯವನು ಸದ್ದಿಲ್ಲದೆ ಚಿತ್ರ ಮುಚ್ಚಿ ಅವರ ಮೇಲ್ ತೆರೆದುಕೊಟ್ಟ. ಅವರು ಕತ್ತು ವಾಲಿಸಿದರು, ಸೊಂಟ ಬಗ್ಗಿಸಿದರು. ಅಕ್ಷರ ದಕ್ಕಲಿಲ್ಲ. ಕೊನೆಗೆ ಬೆನ್ನು ತಿರುಗಿಸಿ, ನೆಲಕ್ಕೆ ಎರಡೂ ಕೈಯೂರಿ, ಕಾಲ ಸಂದಿಯಿಂದ ಓದತೊಡಗಿದರು.

ಬಾಗಿಲಲ್ಲಿದ್ದ ಅಮ್ಮನಿಗೆ ಅವರು ಬಗ್ಗಿದ್ದಷ್ಟೇ ಕಂಡಿತು. ನನ್ನ ಕೈ ಹಿಡಿದು ಬೆರಗಿನಿಂದ ಪಿಸುಗುಟ್ಟಿದರು: "ನೋಡೇ ಮಾರಾಯ್ತಿ, ಫ್ಯಾಕ್ಟರಿ ಜನಕ್ಕೆ ಎಂಥಾ ಭಕ್ತಿ! ನಾವು ಬರೀ ಕೈ ಮುಗಿದ್ವಿ."