ಇಂಜಿನ್ನಿಗೆ ಶಕ್ತಿ ತುಂಬಿದ್ದು

ಮನಸ್ಸು ಮಾಡಿದರೆ ಕಾರಿನ ಇಂಜಿನ್ನಿಗೂ ಶಕ್ತಿ ತುಂಬಬಲ್ಲೆ ಎಂದು ಹೊರಟವಳು ನಾನು. ಈಗ ಎದ್ದು ನಿಲ್ಲುವ ಶಕ್ತಿ ನನಗೇ ಉಳಿದಿಲ್ಲ. ಕೂತಲ್ಲೇ ಬರೆಯುತ್ತಿದ್ದೇನೆ.

ಯಜಮಾನರು ಬಿಟ್ಟುಹೋದ ಕಾರು ಎರಡು ತಿಂಗಳಿಂದ ನಮ್ಮ ಬೀದಿಯ ಏರು ಹತ್ತುತ್ತಿರಲಿಲ್ಲ. ಅರ್ಧಕ್ಕೆ ಬಂದು, ಕಪ್ಪು ಹೊಗೆ ಬಿಟ್ಟು, ಕೆಮ್ಮಿ ನಿಂತುಬಿಡುತ್ತಿತ್ತು. ಮಗ ಖಡಾಖಂಡಿತವಾಗಿ ಹೇಳಿದ: "ಭಾನುವಾರದೊಳಗೆ ಹತ್ತದಿದ್ರೆ ಗುಜರಿಗೆ ಹಾಕ್ತೀನಮ್ಮ. ಆಮೇಲೆ ಅಳಬಾರದು."

ಇಪ್ಪತ್ತೆರಡು ವರ್ಷ ಅವರು ಕೈಯಿಟ್ಟ ಸ್ಟೇರಿಂಗು. ಗುಜರಿಗೆ ಬಿಡುತ್ತೇನೆಯೇ!

ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ, ಎದುರಿಗೆ ಸ್ಟೂಲು ಹಾಕಿಕೊಂಡು ಕೂತೆ. ಇಂಜಿನ್ನಿಗೆ ಶಕ್ತಿ ಹೆಚ್ಚಬೇಕಾದರೆ ಅದು ಚೆನ್ನಾಗಿ ಉಸಿರು ಎಳೆದುಕೊಳ್ಳಬೇಕು, ಚೆನ್ನಾಗಿ ಬಿಡಬೇಕು, ಮೈಭಾರ ಇಳಿಯಬೇಕು ಎಂದ. ಡಾಕ್ಟರು ನನಗೂ ಇದನ್ನೇ ಹೇಳಿ ಹತ್ತು ವರ್ಷವಾಯಿತು. ಅವನು ಉಸಿರೆಳೆಯುವ ಡಬ್ಬಿಗೆ ಕೈಹಾಕಿದಾಗ, ಅದರೊಳಗಿನ ಫಿಲ್ಟರನ್ನು ನಾನೇ ಶುಚಿ ಮಾಡಿದ್ದೇನೆ, ಒಂದು ಕಣ ಧೂಳು ಸಿಕ್ಕರೆ ಕೇಳು ಎಂದೆ. ಹಿರಿಯರ ಮಾತೆಂದು ಬಿಟ್ಟ.

ಸರಿ, ಉಸಿರು ಬಿಡುವ ಕಡೆಗೆ ಹೋದೆವು. ಅಗಲವಾದ ಸೈಲೆನ್ಸರ್ ಬಂತು. ಕಾರು ಏರಲಿಲ್ಲ, ಸದ್ದು ಏರಿತು. ಎದುರುಮನೆಯ ಕಿವುಡ ತಾತ ಕಿಟಕಿ ಮುಚ್ಚಿಕೊಂಡರು! ಆಮೇಲೆ ಭಾರ ಇಳಿಸಿದೆವು. ಹಿಂದಿನ ಸೀಟು, ಸ್ಟೆಪ್ನಿ, ಮ್ಯಾಟು, ಕೊನೆಗೆ ಬಾಗಿಲಿನ ಬೂದಿಡಬ್ಬಿ. ಒಂದೊಂದನ್ನೂ ತೂಗಿ ಗೋಡೆಗೆ ಒರಗಿಸಿದೆ. ನಲವತ್ತೊಂದು ಕಿಲೋ, ಮೇಲೆ ಇನ್ನೂರು ಗ್ರಾಂ. ಕಾರು ಅದೇ ಜಾಗಕ್ಕೆ ಹೋಗಿ ಅದೇ ಕೆಮ್ಮು ಕೆಮ್ಮಿತು.

ಭಾನುವಾರ ಬೆಳಿಗ್ಗೆ ಮಗ ಗುಜರಿಯವನಿಗೆ ಫೋನು ಹಚ್ಚಿ ಬರಹೇಳಿದ. ಮೆಕ್ಯಾನಿಕ್ಕು ಬೇಸತ್ತು, ನನ್ನ ಮಾತು ಮೀರಿ, ಆ ಡಬ್ಬಿಯ ಮುಚ್ಚಳ ತೆಗೆದ. ಒಳಗಿದ್ದುದನ್ನು ಬೆರಳಿನಿಂದ ಒತ್ತಿ ನೋಡಿದ.

"ಅಮ್ಮಾ, ಇದೇನಿದು?"

"ಗವಸು."

ಬೀದಿ ಅಗೆದಿದ್ದಾಗ ಎಲ್ಲೆಲ್ಲೂ ಧೂಳು. ಫಿಲ್ಟರು ತೊಳೆದ ಮೇಲೆ ಮತ್ತೆ ಕೊಳೆಯಾಗಬಾರದೆಂದು, ಟೇಪು ಹಿಡಿದು ಅಳತೆ ತೆಗೆದು ಹೊಲಿದಿದ್ದೆ. ಹಳೆ ಕಂಬಳಿ, ಎರಡು ಪದರ.

"ಯಾವಾಗ ಹೊಲಿದಿದ್ದು?" ಎಂದ ಮಗ.

"ಎರಡು ತಿಂಗಳಾಯ್ತು" ಎಂದೆ. ಹೇಳಿದ ಮೇಲೆ ಲೆಕ್ಕ ನನಗೂ ಹೊಳೆಯಿತು.

"ಮೂಗು ಬಾಯಿ ಎರಡೂ ಸೇರಿಸಿ ಹೊಲಿದಿದ್ದೀರಲ್ಲಮ್ಮ" ಎಂದ ಮೆಕ್ಯಾನಿಕ್ಕು, ಸಾವಕಾಶವಾಗಿ.

ಗವಸು ಕಿತ್ತಿದ್ದೇ ತಡ, ಇಬ್ಬರನ್ನೂ ಕೂರಿಸಿಕೊಂಡು ಕಾರು ಏರು ಹತ್ತಿ ಕಣ್ಮರೆಯಾಯಿತು. ನನ್ನ ಸೀಟು ಗೋಡೆಗೆ ಒರಗಿದ್ದರಿಂದ ನಾನು ಬಾಗಿಲಲ್ಲೇ ಉಳಿದೆ. ಗವಸನ್ನು ತಿರುವಿ ತಿರುವಿ ನೋಡಿದೆ. ಇಂಜಿನ್ನು ಅಷ್ಟು ಎಳೆದಾಡಿದ್ದರೂ ಒಂದು ಹೊಲಿಗೆ ಬಿಟ್ಟಿರಲಿಲ್ಲ.

ಗುಜರಿಯವನಿಗೆ ಬರಬೇಡ ಎಂದು ಮಗ ಹೇಳಿಬಿಟ್ಟ. ಕಾರು ಉಳಿಯಿತು. ನನ್ನ ಹೊಲಿಗೆ ಪೆಟ್ಟಿಗೆಯನ್ನು ಮಾತ್ರ ಅದರ ಡಿಕ್ಕಿಯಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಇಳಿಸಿಕೊಂಡ.