ಬೆಕ್ಕಿನ ಬದಲಿಗೆ ದುರ್ಬೀನು

ನಮ್ಮ ದೊಡ್ಡಮಾವನಷ್ಟು ಬುದ್ಧಿವಂತರು ಪೆದ್ದಕಡುಬೂರಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ. ಒಂದು ಬೆಕ್ಕು ಮಾಡುವ ಕೆಲಸಕ್ಕೆ ಕತ್ತಲಲ್ಲಿ ಕಾಣುವ ದುರ್ಬೀನು ಬೇಕೆಂದು, ಆದೋನಿಯಲ್ಲಿ ಮೇಷ್ಟರಾಗಿರುವ ನನ್ನನ್ನು ರಜೆ ಬಂದಾಗಲೆಲ್ಲ ಅಂಗಡಿಯಿಂದ ಅಂಗಡಿಗೆ ಎಳೆದಾಡುವುದು ಸಾಮಾನ್ಯರ ತಲೆಗೆ ಹೊಳೆಯುವ ಉಪಾಯವೇ?

ವಿಷಯ ಇಷ್ಟೇ. ಮಾವನ ಮನೆಯ ಒಳಕೋಣೆಯಲ್ಲಿ ಬಿತ್ತನೆಗೆಂದು ತೆಗೆದಿಟ್ಟ ಶೇಂಗಾ ಚೀಲಗಳಿದ್ದವು. ಇಲಿಗಳು ರಾತ್ರಿಯೆಲ್ಲ ತಿಂದು ಬೆಳಿಗ್ಗೆ ನಮಗೆ ಸಿಪ್ಪೆ ಉಳಿಸುತ್ತಿದ್ದವು. ಹೀಗೇ ಬಿಟ್ಟರೆ ಮುಂಗಾರಿಗೆ ಹೊಲಕ್ಕೆ ಹಾಕಲು ಬೀಜವಿರುವುದಿಲ್ಲ. ದೀಪ ಹಾಕಿದರೆ ಸಾಕು, ಒಂದೂ ಕಾಣುವುದಿಲ್ಲ. ಅದಕ್ಕೇ ಕತ್ತಲಲ್ಲೇ ಕೂತು ನೋಡಿ, ಎಲ್ಲಿಂದ ಬರುತ್ತವೆಂದು ತಿಳಿದು, ಆ ಬಿಲಕ್ಕೆ ಸಿಮೆಂಟು ಮೆತ್ತುವುದು ಮಾವನ ಯೋಜನೆ.

"ಮಾವಾ, ಒಂದು ಬೆಕ್ಕು ಸಾಕಲ್ಲ?" ಅಂದೆ.

"ನಮ್ಮದು ಒಂದು ಐತಲ್ಲ."

"ಎಲ್ಲೈತಿ?"

ಮಾವ ಪಕ್ಕದ ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದರು.

ಗೋಡೆಯಾಚೆ ಇರುವುದು ಸಣ್ಣಮಾವ, ಅಂದರೆ ದೊಡ್ಡಮಾವನ ಒಡಹುಟ್ಟಿದ ತಮ್ಮ. ನಾಲ್ಕಾರು ವರ್ಷದ ಹಿಂದೆ ಪಾಲಾದಾಗ ಹೊಲ, ಎತ್ತು, ಬಾವಿಯ ನೀರು ಎಲ್ಲವೂ ಒಂದು ಗಟ್ಟಿ ಮಾತಿಲ್ಲದೆ ಹಂಚಿಹೋದವು. ಕೊನೆಗೆ ಉಳಿದದ್ದು ಬೆಕ್ಕು. ಹಿರಿಯರು ಅದನ್ನು ಅಂಗಳದ ನಡುವೆ ಬಿಟ್ಟು, ಯಾರ ಕಡೆ ಹೋದರೆ ಅವರದು ಅಂದರು. ಅದು ನೆಟ್ಟಗೆ ತಮ್ಮನ ಕಡೆ ನಡೆಯಿತು. ತಮ್ಮ ಬೆನ್ನ ಹಿಂದೆ ಹಾಲಿನ ಬಟ್ಟಲು ಹಿಡಿದುಕೊಂಡಿದ್ದ ಎಂಬುದು ದೊಡ್ಡಮಾವನ ಆಪಾದನೆ. ಆವತ್ತು ಮಾತು ನಿಂತಿತು. ನಡುವೆ ಗೋಡೆ ಎದ್ದಿತು. ಮೇಲಿನ ಮಣ್ಣಿನ ಚಾವಣಿ, ಅಂದರೆ ಮಾಳಿಗೆ ಮಾತ್ರ ಇಬ್ಬರಿಗೂ ಒಂದೇ ಉಳಿಯಿತು, ಅದನ್ನು ಸೀಳಲು ಬರುವುದಿಲ್ಲವಲ್ಲ!

"ಬೇರೆ ಬೆಕ್ಕು ತರೋಣ."

"ಬೇರೆ ತಂದ್ರ ಆ ಬೆಕ್ಕು ಅವನದು ಅಂತ ನಾನ ಒಪ್ಪಿಕೊಂಡಂಗ ಆಗ್ತೈತಿ, ಅಳಿಯಾ."

"ಹಂಗಾರ ಪಾಷಾಣ ಇಡು."

"ಪಾಷಾಣ ತಿಂದ ಇಲಿನ ಆ ಬೆಕ್ಕು ತಿಂದು ಸತ್ರ? ಅದು ನನ್ನ ಬೆಕ್ಕು."

ಇಂಥವರ ಜೊತೆ ವಾದ ಮಾಡುವವನಿಗೆ ಬಿಪಿ ಬಾರದೆ ಇನ್ನೇನು ಬರುತ್ತದೆ? ನಾನು ತೆಪ್ಪಗೆ ಅಂಗಡಿಗೆ ಹೊರಟೆ.

ಆದೋನಿಯ ಒಂದು ಕ್ಯಾಮೆರಾ ಅಂಗಡಿಯವನು ಒಂಟಿಗಣ್ಣಿನ ದುರ್ಬೀನು ತೋರಿಸಿ, ಕಗ್ಗತ್ತಲಲ್ಲಿ ಹೊಲದ ಆ ತುದಿಯ ನರಿಯೂ ಕಾಣುತ್ತದೆ ಅಂದ. ಹನ್ನೆರಡು ಅಡಿ ಕೋಣೆಯಲ್ಲಿ ನರಿ ಎಲ್ಲಿ ನಿಲ್ಲಬೇಕು ಎಂದು ಮಾವ ಕೇಳಿದರು. ಆಮೇಲೆ ಪರೀಕ್ಷೆಯಾಗಲೇಬೇಕೆಂದು ಮಟಮಟ ಮಧ್ಯಾಹ್ನ ಅಂಗಡಿಯ ಷಟರ್ ಇಳಿಸಿದರು. ಫೋಟೊ ತೆಗೆಸಲು ಬಂದ ಮದುಮಕ್ಕಳಿಬ್ಬರು ಒಳಗೇ ಸಿಕ್ಕಿಕೊಂಡರು.

"ಎಲ್ಲೈತಿ ಇಲಿ, ತೋರಿಸು," ಕತ್ತಲಲ್ಲಿ ಮಾವನ ದನಿ.

"ಮಾ ಷಾಪುಲೋ ಎಲುಕಲು ಲೇವು ಪೆದ್ದಾಯನಾ. ಇಲಿ ಒಂದೂ ಇಲ್ರಿ."

"ಇಲಿ ಇಲ್ಲದ ಅಂಗಡ್ಯಾಗ ಇಲಿ ನೋಡೋ ಮಷೀನು ಹೆಂಗ ಮಾರ್ತಿ?"

ಆ ಬೀದಿಯಲ್ಲಿ ನಾನು ಈಗಲೂ ತಲೆ ತಗ್ಗಿಸಿ ನಡೆಯುತ್ತೇನೆ.

ಎಮ್ಮಿಗನೂರಿನಲ್ಲಿ ಸಿಕ್ಕಿದ್ದು ಬೇರೆ ಜಾತಿಯದು. ಪ್ರಾಣಿಯ ಮೈಶಾಖವನ್ನೇ ಚಿತ್ರ ಮಾಡಿ ತೋರಿಸುವಂಥದು. ಅದರ ಬೆಲೆಗೆ ಒಂದು ಜೊತೆ ಎತ್ತು ಬರುತ್ತಿತ್ತು, ಆದರೂ ಮಾವ ಮನೆಯಲ್ಲಿ ನೋಡಿ ಕೊಡುತ್ತೇನೆಂದು ಒಂದು ದಿನಕ್ಕೆ ಈಸಿಕೊಂಡು ಬಂದರು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ? ಗೋಡೆ, ನೆಲ, ಚೀಲ ಎಲ್ಲವೂ ಕಾದು ಒಂದೇ ಬಣ್ಣವಾಗಿದ್ದವು. ಕಣ್ಣಿಗೆ ಹಿಡಿದು ಬಹಳ ಹೊತ್ತು ಕೂತ ಮಾವ ಕೊನೆಗೆ ಪಿಸುಗುಟ್ಟಿದರು: "ಬಂತು, ಬಂತು." ಬಂದದ್ದು ಅತ್ತೆ ತಂದ ಚಹಾ. ಮರುದಿನ ಅದನ್ನು ವಾಪಸು ಕೊಡುವಾಗ ಸಬೂಬು ಹೇಳಿದವನು, ಬೇರೆ ಯಾರು, ನಾನೇ.

ಕೊನೆಗೆ ಅಗ್ಗದ್ದೊಂದನ್ನು ಫೋನಿನಲ್ಲೇ ತರಿಸಿದೆ. ಕಣ್ಣಿಗೆ ಕಾಣದ ಬೆಳಕನ್ನು ತಾನೇ ಚೆಲ್ಲಿ, ಕಪ್ಪುಬಿಳುಪಿನಲ್ಲಿ ತೋರಿಸುವಂಥದು. ಕೋಣೆಗೆ ಅಷ್ಟೇ ಬೇಕಾದದ್ದು. ಬಂದ ದಿನವೇ ಮಾವ ಹಗಲಲ್ಲಿ ಪರೀಕ್ಷಿಸಲೆಂದು ಕೌದಿ ಹೊದ್ದುಕೊಂಡು ಕೂತರು. ಬೇಸಿಗೆಯಲ್ಲಿ ಕೌದಿ ಕಂಡ ಅತ್ತೆ ಚಳಿಜ್ವರವೆಂದು ಹೆದರಿ ಡಾಕ್ಟರನ್ನು ಕರೆಸಿಬಿಟ್ಟರು. ಬಂದ ತಪ್ಪಿಗೆ ಡಾಕ್ಟರು ಕೌದಿಯೊಳಗೆ ತಲೆ ಹಾಕಿ, ದುರ್ಬೀನಿನಲ್ಲಿ ಮಾವನ ಅಂಗೈ ನೋಡಿ ಹೋದರು.

ಇಷ್ಟರಲ್ಲಿ ಒಂದು ವಿಚಿತ್ರ ನಡೆದಿತ್ತು. ಇಲಿಗಳ ಹಾವಳಿ ತಾನಾಗಿ ಇಳಿಯುತ್ತಿತ್ತು. ಸಿಪ್ಪೆ ಕಡಿಮೆ, ಹಿಕ್ಕೆ ಕಡಿಮೆ.

"ನಾವು ಮಷೀನು ಹುಡುಕೋದು ಗೊತ್ತಾಗಿ ಹೆದರ್ಯಾವ," ಅಂದರು ಮಾವ, ಅದೂ ಗಂಭೀರವಾಗಿ.

"ಹಂಗಾರ ಇದನ್ನು ವಾಪಸು ಕಳಿಸೋಣ."

"ಒಮ್ಮೆ ನೋಡೋಣ ತಡಿ. ಇವತ್ತು ನೀನೂ ಕೂಡು."

ಹೀಗೆ ಆ ರಾತ್ರಿ ಊಟವಾದ ಮೇಲೆ ಒಳಕೋಣೆಯ ಮೂಲೆಯಲ್ಲಿ ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಸೊಳ್ಳೆ ಕಡಿದರೂ ಹೊಡೆಯುವಂತಿರಲಿಲ್ಲ. ಮನಸ್ಸಿನಲ್ಲೇ ಮಾವನನ್ನು ಬೈಯುತ್ತಿದ್ದಾಗ ಮೇಲೆ ಮಾಳಿಗೆಯ ಬೆಳಕಿಂಡಿಗೆ ಮುಚ್ಚಿದ ತಗಡು ಸರಿದ ಸದ್ದಾಯಿತು. ಮಾವ ದುರ್ಬೀನು ಮೇಲೆತ್ತಿದರು. ಎತ್ತಿದವರು ಹಾಗೇ ಇದ್ದುಬಿಟ್ಟರು. ಆಮೇಲೆ ಅದನ್ನು ನನ್ನ ಕೈಗಿಟ್ಟರು.

ನೋಡಿದೆ. ಹಗ್ಗಕ್ಕೆ ಕಟ್ಟಿದ ಒಂದು ಬುಟ್ಟಿ ನಿಧಾನವಾಗಿ ಇಳಿಯುತ್ತಿತ್ತು. ಬುಟ್ಟಿಯಲ್ಲಿ ಬೆಕ್ಕು ಕೂತಿತ್ತು. ಮೇಲೆ, ಬೆಳಕಿಂಡಿಯ ಅಂಚಿಗೆ ಬೋರಲು ಮಲಗಿ, ನಮ್ಮ ಸಣ್ಣಮಾವ ಎರಡೂ ಕೈಯಲ್ಲಿ ಹಗ್ಗ ಬಿಡುತ್ತಿದ್ದರು. ಅಣ್ಣನ ಬೀಜಕ್ಕೆ ಇಲಿ ಬಿದ್ದ ಸುದ್ದಿ ಹಿತ್ತಲಿನಲ್ಲಿ ಹೆಂಗಸರ ಮಾತಿನಿಂದ ಗೋಡೆ ದಾಟಿ ಹೋಗಿರಬೇಕು. ಬಾಗಿಲಿಗೆ ಬರಲು ಆ ಮನುಷ್ಯನಿಗೆ ಮುಖವಿರಲಿಲ್ಲ. ಸುಮ್ಮನಿರಲು ಮನಸ್ಸಾಗಿರಲಿಲ್ಲ.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಪಕ್ಕದಲ್ಲಿ ಮಾವ ಮೂಗು ಒರೆಸಿಕೊಂಡದ್ದು ಕೇಳಿಸಿತು. ಈಗ ಜಗಳ ತೆಗೆಯುತ್ತಾರೋ, ಎದ್ದು ಹೋಗುತ್ತಾರೋ ಎಂದು ನನಗೆ ನಿಜಕ್ಕೂ ಭಯವಾಯಿತು.

"ತಮ್ಮಾ," ಅಂದರು ಮಾವ.

ಹಗ್ಗ ನಿಂತಿತು. ಬುಟ್ಟಿ ಅರ್ಧದಲ್ಲೇ ತೂಗಾಡಿತು.

"ಆ ಅಂಚಿನಾಗ ಮಣ್ಣು ಸಡ್ಲಾಗೈತಿ. ಬಿದ್ದುಗಿದ್ದೀಯ."

ಮೇಲಿಂದ ಒಂದು ಸಣ್ಣ ದನಿ ಬಂತು. "ಬೆಕ್ಕು ಇಳಿಸಿ ಹೋಗ್ತೀನಣ್ಣ."

ಮಾವ ಎದ್ದು, ಕತ್ತಲಲ್ಲೇ ತಡವರಿಸಿ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಹಿಡದೀನಿ, ಹಗ್ಗ ಬಿಡು. ಇಳಿದು ಬಾಗ್ಲದಾಗ ಬಾ."

ನಾನು ಹೋಗಿ ಬಾಗಿಲ ಅಗುಳಿ ತೆಗೆದೆ.